ಬೇಟೆಯ ಕಾಡಿಗೆ ಹಗುರ ಟೆಂಟು: ಹಂಚಿಕೊಂಡು ಮಲಗುವವರು ಆರಿಸಿಕೊಳ್ಳುವುದು ಹೇಗೆ?

ಅಮೆರಿಕದ ಕೊಲೊರಾಡೊ, ವಯೋಮಿಂಗ್, ಮೊಂಟಾನ, ಐಡಹೊ ರಾಜ್ಯಗಳ ಬೆಟ್ಟಗಾಡಿಗೆ ಎಲ್ಕ್ ಎಂಬ, ನಮ್ಮ ಕಡವೆಯ ಬಳಗದ ದೊಡ್ಡ ಜಿಂಕೆಯ ಬೇಟೆಗೆಂದು ಹೊರಡುವ ಓದುಗರು ಆಗಸ್ಟ್ ತಿಂಗಳು ಬಂತೆಂದರೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತಾರೆ. ಇಬ್ಬರೋ ಮೂವರೋ ಸೇರಿ ಬೆನ್ನ ಮೇಲೆ ಹೊತ್ತೊಯ್ಯಬಹುದಾದ, ಅಕ್ಟೋಬರಿನ ಹಿಮಕ್ಕೆ ಜಗ್ಗದ ಹಗುರ ಟೆಂಟು ಯಾವುದು? ಒಂದು ಕಂಪನಿಯ ಹೆಸರು ಹೇಳಿ ಮುಗಿಸಬಹುದು. ಆದರೆ ಬೇಟೆಯ ರೀತಿ ಬದಲಾದಂತೆ ಉತ್ತರವೂ ಬದಲಾಗುವುದರಿಂದ, ಆಯ್ಕೆಯ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಕೆಲವು ವಿಷಯಗಳನ್ನು ಮೊದಲೇ ಸ್ಪಷ್ಟಪಡಿಸಬೇಕು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಪ್ರಾಣಿಗಳ ಬೇಟೆ ಅಪರಾಧವಾಗಿದ್ದು, ಈ ಲೇಖನ ಬೇಟೆಗೆ ಪರವಾನಗಿ ಕೊಡುವ ಅಮೆರಿಕದ ಪಶ್ಚಿಮ ರಾಜ್ಯಗಳಿಗೆ ಮಾತ್ರ ಸಂಬಂಧಿಸಿದೆ. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಅಥವಾ ಗುಂಡುಗಳನ್ನು ಹೊಂದಿರುವುದನ್ನು ಅಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಊರ್ಜಿತದಲ್ಲಿರುವ ಬೇಟೆ ಪರವಾನಗಿ ಇದ್ದವರಿಗೆ ವಿನಾಯಿತಿ ಇದೆ. ಕೊಲೊರಾಡೊದಲ್ಲಿ 1949ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರು ಪರವಾನಗಿ ಪಡೆಯಬೇಕಾದರೆ ಬೇಟೆಗಾರರ ತರಬೇತಿಯನ್ನೂ ಮುಗಿಸಿರಬೇಕು. ಟೆಂಟಿಗೆ ಹಣ ಹಾಕುವ ಮೊದಲು ಈ ಕಾಗದಪತ್ರಗಳನ್ನು ಇತ್ಯರ್ಥ ಮಾಡಿಕೊಳ್ಳಿ. ವೀಸಾದ ಬಗ್ಗೆ ಸಂದೇಹವಿದ್ದರೆ ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳಿ.

ತೂಕದ ಬಗ್ಗೆ ಇಷ್ಟು ತಲೆ ಕೆಡಿಸಿಕೊಳ್ಳುವುದಕ್ಕೆ ಕಾರಣವಿದೆ. 1964ರ ವೈಲ್ಡರ್‌ನೆಸ್ ಕಾಯ್ದೆಯಡಿ ಕಾದಿಟ್ಟ ಕಾಡುಗಳಿಗೆ ಮೋಟಾರು ವಾಹನಗಳ ಪ್ರವೇಶವಿಲ್ಲ. ಕುದುರೆ ಇಲ್ಲದವರು ಎಲ್ಲವನ್ನೂ ಹೊತ್ತೇ ಹೋಗಬೇಕು. ಬೆಳೆದ ಗಂಡು ಎಲ್ಕಿನಿಂದ ಮೂಳೆ ಬಿಡಿಸಿದ ಮಾಂಸವೇ ಸುಮಾರು 90 ಕಿಲೋ ಸಿಗುವುದುಂಟು. ಬೇಟೆ ಕೈಗೂಡಿದ ದಿನ ಮಾಂಸವನ್ನೂ ಬಿಡಾರವನ್ನೂ ರಸ್ತೆಯವರೆಗೆ ಹಲವು ಸಲ ಹೊತ್ತು ಸಾಗಿಸಬೇಕಾಗುತ್ತದೆ. ಹೋಗುವಾಗ ಹಗುರವೆನಿಸಿದ ಟೆಂಟು ಬರುವಾಗ ಹಗುರವಾಗಿಯೇ ಇರುತ್ತದೆ ಎಂದುಕೊಳ್ಳಬೇಡಿ.

ಬೇಕಾಗುವ ಸಾಮಗ್ರಿ ಹೆಚ್ಚಿಲ್ಲ. ಗ್ರಾಂ ಲೆಕ್ಕದಲ್ಲಿ ತೋರಿಸುವ ಅಡುಗೆಮನೆಯ ತಕ್ಕಡಿ, ಅಳತೆಯ ಟೇಪು, ಜೊತೆಗಾರರೆಲ್ಲರ ಮಲಗುವ ಮ್ಯಾಟುಗಳು ಮತ್ತು ಪರವಾನಗಿಯಲ್ಲಿ ನಮೂದಾಗಿರುವ ಬೇಟೆಯ ದಿನಾಂಕಗಳು ಸಾಕು. ಅಂಗಡಿಗಳು ತೂಕವನ್ನು ಪೌಂಡ್ ಮತ್ತು ಔನ್ಸುಗಳಲ್ಲಿ ಹೇಳುತ್ತವೆ: ಒಂದು ಪೌಂಡ್ ಎಂದರೆ 454 ಗ್ರಾಂ, ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ.

1. ಪ್ರತಿ ರಾತ್ರಿ ಎಲ್ಲರೂ ಒಂದೇ ಕಡೆ ಮಲಗುತ್ತೀರಾ?

ಟೆಂಟಿನ ಚಿತ್ರ ನೋಡುವ ಮೊದಲು ಜೊತೆಗಾರರೆಲ್ಲ ಕುಳಿತು ಉತ್ತರಿಸಬೇಕಾದ ಪ್ರಶ್ನೆ ಇದು, ಮತ್ತು ಹೆಚ್ಚಿನ ತಂಡಗಳು ಕೇಳಿಕೊಳ್ಳದೆ ಬಿಡುವ ಪ್ರಶ್ನೆಯೂ ಇದೇ. ಬೇಟೆಗಾರರ ದಿನಚರಿ ಚಾರಣಿಗರದ್ದರಂತಿರುವುದಿಲ್ಲ. ಚಾರಣಿಗರು ಒಂದೇ ದಾರಿಯಲ್ಲಿ ಒಟ್ಟಿಗೆ ನಡೆದು ಒಟ್ಟಿಗೆ ಮಲಗುತ್ತಾರೆ. ಬೇಟೆಗಾರರು ಬೆಳಕು ಹರಿಯುವ ಮೊದಲೇ ಬೇರೆ ಬೇರೆ ಕಣಿವೆಗಳಿಗೆ ಚದುರುತ್ತಾರೆ, ಒಬ್ಬರಿಗೆ ಎಲ್ಕ್ ಸಿಕ್ಕು ಮತ್ತೊಬ್ಬರಿಗೆ ಸಿಗದಿರಬಹುದು, ಸಂಜೆ ಗಾಯಗೊಂಡ ಪ್ರಾಣಿಯ ಜಾಡು ಹಿಡಿದವರು ರಾತ್ರಿ ಬಿಡಾರಕ್ಕೆ ಮರಳದೆಯೂ ಇರಬಹುದು. ಹಂಚಿಕೊಂಡ ಟೆಂಟು ನಿಮ್ಮಿಬ್ಬರನ್ನೂ ಒಂದೇ ಜಾಗಕ್ಕೆ ಕಟ್ಟಿಹಾಕುತ್ತದೆ.

ಬೇಟೆಯ ರೀತಿಗಳನ್ನು ಸ್ಥೂಲವಾಗಿ ಎರಡಾಗಿ ನೋಡಬಹುದು. ಒಂದು ಕಡೆ ನೆಲೆ ಬಿಡಾರ ಹೂಡಿ, ಪ್ರತಿದಿನ ಅಲ್ಲಿಂದ ಹೊರಟು ಅಲ್ಲಿಗೇ ಮರಳುವುದು ಮೊದಲನೆಯದು. ಬಿಡಾರವನ್ನು ಬೆನ್ನಿಗೇರಿಸಿಕೊಂಡೇ ಪ್ರಾಣಿಗಳ ಹಿಂದೆ ಸಾಗಿ, ಕತ್ತಲಾದಲ್ಲಿ ಮಲಗುವುದು ಎರಡನೆಯದು. ನೆಲೆ ಬಿಡಾರದವರಿಗೆ ಹಂಚಿಕೊಂಡ ಟೆಂಟು ಚೆನ್ನಾಗಿ ಒಗ್ಗುತ್ತದೆ. ಬಿಡಾರ ಹೊತ್ತು ತಿರುಗುವವರು ಜೋಡಿಯಾಗಿಯೇ ಬೇಟೆಯಾಡುವುದಾದರೆ ಮಾತ್ರ ಹಂಚಿಕೊಳ್ಳಬೇಕು. ಬೇರೆ ಬೇರೆ ತಿರುಗುವುದಾದರೆ ಒಬ್ಬೊಬ್ಬರಿಗೂ ಒಂದೊಂದು ಟೆಂಟು ಇರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹೀಗೆ ಹೇಳಲು ತೂಕದ ಲೆಕ್ಕವೂ ಅಡ್ಡ ಬರುವುದಿಲ್ಲ. ಒಳಗೆ ಮಲಗುವ ಗೂಡು, ಅದರ ಮೇಲೆ ಮಳೆ ತಡೆಯುವ ಹೊದಿಕೆ ಹೀಗೆ ಎರಡು ಪದರವಿರುವ ಇಬ್ಬರ ಟೆಂಟು 1.4ರಿಂದ 1.8 ಕಿಲೋ ತೂಗಿದರೆ ತಲೆಗೆ 700ರಿಂದ 900 ಗ್ರಾಂ ಬೀಳುತ್ತದೆ. ಟ್ರೆಕ್ಕಿಂಗ್ ಕೋಲನ್ನೇ ಕಂಬವಾಗಿ ಬಳಸುವ ಒಬ್ಬರ ಟೆಂಟುಗಳೂ ಇಷ್ಟೇ ತೂಕದಲ್ಲಿ ಸಿಗುತ್ತವೆ. ಹಾಗಾಗಿ ಇಬ್ಬರು ಹಂಚಿಕೊಂಡ ಮಾತ್ರಕ್ಕೆ ಹೊರೆ ತಾನಾಗಿ ಅರ್ಧಕ್ಕಿಳಿಯುವುದಿಲ್ಲ. ಹಂಚಿಕೆಯ ನಿಜವಾದ ಲಾಭ ಕಾಣುವುದು ಮೂವರು ನಾಲ್ವರು ಸೇರಿದಾಗ, ಇಲ್ಲವೇ ಒದ್ದೆ ಬಟ್ಟೆ ಒಣಗಿಸಲು ಒಲೆ ಮತ್ತು ಎದ್ದು ಕೂರಲು ಜಾಗ ಬೇಕೆಂದಾಗ.

ಎಚ್ಚರಿಕೆ: ಒಬ್ಬರು ಒಳಪದರ, ಇನ್ನೊಬ್ಬರು ಹೊರಪದರ ಎಂದು ಟೆಂಟನ್ನು ಬಿಡಿಸಿ ಹೊತ್ತುಕೊಂಡು ಬೇರೆ ಬೇರೆ ದಾರಿ ಹಿಡಿಯಬೇಡಿ. ಕತ್ತಲಾದ ಮೇಲೆ ಇಬ್ಬರ ಬಳಿಯೂ ಮಲಗಲು ಬಾರದ ಅರ್ಧ ಟೆಂಟು ಉಳಿಯುತ್ತದೆ. ಹಂಚಿಕೊಂಡ ಟೆಂಟು ಎಷ್ಟೇ ಚೆನ್ನಾಗಿದ್ದರೂ, ಹೊರಪದರ ಹೊರದವರ ಚೀಲದಲ್ಲಿ ಸುಮಾರು 100 ಗ್ರಾಂ ತೂಗುವ ತುರ್ತು ಹೊದಿಕೆ ಚೀಲವೊಂದು ಸದಾ ಇರಲಿ.

2. ಕಾಲ ಮತ್ತು ಎತ್ತರವನ್ನು ಗೊತ್ತುಮಾಡಿಕೊಳ್ಳಿ

ಕೊಲೊರಾಡೊದಲ್ಲಿ ಬಿಲ್ಲಿನ ಬೇಟೆ ಬಹುಪಾಲು ಸೆಪ್ಟೆಂಬರಿನಲ್ಲಿ, ರೈಫಲ್ ಬೇಟೆ ಅಕ್ಟೋಬರ್ ಮಧ್ಯದಿಂದ ನವೆಂಬರಿನವರೆಗೆ ಕಂತುಗಳಲ್ಲಿ ನಡೆಯುತ್ತದೆ. ಎಲ್ಕುಗಳಿರುವ ಕಾಡು 2,700ರಿಂದ 3,300 ಮೀಟರ್ ಎತ್ತರದಲ್ಲಿರುವುದು ಸಾಮಾನ್ಯ. ಸೆಪ್ಟೆಂಬರಿನಲ್ಲಿ ಮಧ್ಯಾಹ್ನದ ಗುಡುಗು ಮಳೆಯನ್ನು ನಿರೀಕ್ಷಿಸಿ. ಅಕ್ಟೋಬರಿನಲ್ಲಿ ಒಂದೇ ರಾತ್ರಿಗೆ ಮೊಣಕಾಲವರೆಗೆ ಹಿಮ ಬಿದ್ದರೂ ಅದು ಅಚ್ಚರಿಯಲ್ಲ.

ಅಂಗಡಿಯವರು ಟೆಂಟುಗಳನ್ನು ಮೂರು ಋತುವಿನವು, ನಾಲ್ಕು ಋತುವಿನವು ಎಂದು ವಿಂಗಡಿಸುತ್ತಾರೆ. ಮೂರು ಋತುವಿನದ್ದು ಚಳಿಗಾಲ ಬಿಟ್ಟು ಉಳಿದ ಕಾಲಕ್ಕೆ. ಅದರ ಒಳಪದರದ ಬಹುಭಾಗ ಸೊಳ್ಳೆಪರದೆಯಂಥ ಬಲೆಯಾಗಿದ್ದು, ಗಾಳಿಗೆ ಹಾರುವ ಹಿಮದ ಪುಡಿ ಹೊರಪದರದ ಅಡಿಯಿಂದ ನುಗ್ಗಿ ಬಲೆಯ ಮೂಲಕ ಸ್ಲೀಪಿಂಗ್ ಬ್ಯಾಗಿನ ಮೇಲೆ ಉದುರುತ್ತದೆ. ನಾಲ್ಕು ಋತುವಿನದ್ದು ಹಿಮದ ಭಾರ ತಡೆಯುವಷ್ಟು ಗಟ್ಟಿಯಾದ ಕಂಬಿಗಳನ್ನೂ ದಪ್ಪ ಬಟ್ಟೆಯನ್ನೂ ಹೊಂದಿರುತ್ತದೆ, ತೂಕವೂ ಅಷ್ಟೇ ಹೆಚ್ಚು. ಬಿಲ್ಲಿನ ಬೇಟೆಗೆ ಮೂರು ಋತುವಿನದ್ದು ಸಾಕು. ರೈಫಲ್ ಬೇಟೆಗೆ ಹೋಗುವವರು ಅಂಗಡಿಯ ಹಣೆಪಟ್ಟಿಯನ್ನು ನಂಬುವ ಬದಲು ಮೂರು ಅಂಶಗಳನ್ನು ಪರೀಕ್ಷಿಸಬೇಕು: ಹಿಮ ಜಾರಿ ಬೀಳುವಷ್ಟು ಕಡಿದಾದ ಇಳಿಜಾರು, ನೆಲದವರೆಗೆ ಇಳಿಸಬಹುದಾದ ಹೊರಪದರದ ಅಂಚು, ಮತ್ತು ಬಲೆಯ ಬದಲು ಗಟ್ಟಿ ಬಟ್ಟೆ ಹೊಲಿದ ಒಳಪದರ.

3. ಮ್ಯಾಟುಗಳನ್ನು ಹಾಸಿ ಅಳೆಯಿರಿ

"ಇಬ್ಬರ ಟೆಂಟು" ಎಂದರೆ ಎರಡು ಕಿರಿದಾದ ಮ್ಯಾಟು ಹಿಡಿಸುತ್ತದೆ ಎಂದಷ್ಟೇ ಅರ್ಥ. ಮ್ಯಾಟುಗಳ ಸಾಮಾನ್ಯ ಅಗಲ 51 ಸೆಂಟಿಮೀಟರ್, ಅಗಲದ ಮಾದರಿಯದ್ದು 64. ಇಬ್ಬರ ಟೆಂಟುಗಳ ನೆಲ ಹೆಚ್ಚಾಗಿ 127ರಿಂದ 132 ಸೆಂಟಿಮೀಟರ್ ಅಗಲವಿರುತ್ತದೆ. ಅಗಲದ ಮ್ಯಾಟುಗಳೆರಡನ್ನು ಹಾಸಿದರೆ 128 ತುಂಬಿತು. ಉಳಿದದ್ದು ಅಂಗೈ ಅಗಲವೂ ಅಲ್ಲ. ಕೆಲವು ಮಾದರಿಗಳಲ್ಲಿ ತಲೆಯ ಕಡೆ ಅಗಲವಾಗಿದ್ದು ಕಾಲಿನ ಕಡೆ ಕಿರಿದಾಗುವುದರಿಂದ ಎರಡೂ ತುದಿಗಳ ಅಳತೆಯನ್ನು ಕೇಳಿ ತಿಳಿಯಿರಿ.

ಮನೆಯ ನೆಲದ ಮೇಲೆ ಟೇಪಿನಿಂದ ಟೆಂಟಿನ ನಕ್ಷೆಯನ್ನು ಗುರುತು ಮಾಡಿ, ಮ್ಯಾಟುಗಳನ್ನು ಹಾಸಿ, ಜೊತೆಗಾರರು ನಿಜವಾಗಿಯೂ ಮಲಗಿ ನೋಡಬೇಕು. ಕೊಂಚ ನಗೆಪಾಟಲೆನಿಸಿದರೂ ಇದಕ್ಕಿಂತ ನಂಬಿಗಸ್ತ ಪರೀಕ್ಷೆ ಇಲ್ಲ. ಆರಡಿಗಿಂತ ಎತ್ತರವಿರುವವರ ಸ್ಲೀಪಿಂಗ್ ಬ್ಯಾಗಿನ ತುದಿ ಓರೆಯಾದ ಗೋಡೆಗೆ ತಾಗುತ್ತದೆಯೇ ಎಂದು ಗಮನಿಸಿ. ತಾಗಿದರೆ ಹನಿಗಟ್ಟಿದ ತೇವವೆಲ್ಲ ಹಂಸತೂಲದ ಬ್ಯಾಗಿಗೆ ಇಳಿದು, ಅದು ಬೆಚ್ಚಗಿಡುವ ಗುಣವನ್ನೇ ಕಳೆದುಕೊಳ್ಳುತ್ತದೆ.

ಸಾಮಾನಿನ ಲೆಕ್ಕ ಬೇರೆ. ಬೇಟೆಯ ಬೆನ್ನುಚೀಲ ಚಾರಣದ ಚೀಲಕ್ಕಿಂತ ದೊಡ್ಡದು; ಜೊತೆಗೆ ಬಿಲ್ಲು ಅಥವಾ ರೈಫಲ್, ದುರ್ಬೀನು, ಅದರ ಮುಕ್ಕಾಲಿ, ಕೆಸರು ಮೆತ್ತಿದ ಬೂಟುಗಳು. ಇವುಗಳಿಗೆ ಹೊರಪದರದ ಬಾಗಿಲ ಮುಂದೆ ಜಗಲಿಯಂತೆ ಚಾಚಿಕೊಂಡಿರುವ ಜಾಗ ಬೇಕು. ಅಂಗಡಿಯಲ್ಲಿ ಅದನ್ನು ವೆಸ್ಟಿಬ್ಯೂಲ್ ಎನ್ನುತ್ತಾರೆ. ಇಬ್ಬರಿಗೆ ಎರಡು ಬಾಗಿಲು, ಎರಡು ವೆಸ್ಟಿಬ್ಯೂಲ್ ಇದ್ದರೆ ಬೆಳಗಿನ ಜಾವ ಏಳುವವರು ಮಲಗಿರುವವರನ್ನು ದಾಟಬೇಕಾಗುವುದಿಲ್ಲ. ಇಬ್ಬರು ಬೇಟೆಗಾರರು ಮೂವರ ಟೆಂಟು, ಮೂವರು ನಾಲ್ವರ ಟೆಂಟು ಕೊಳ್ಳುವುದು ಒಳ್ಳೆಯ ರೂಢಿ.

4. ವಿನ್ಯಾಸವನ್ನು ಆರಿಸಿ

ತಾನೇ ನಿಲ್ಲುವ ಟೆಂಟು: ಅಲ್ಯೂಮಿನಿಯಂ ಕಂಬಿಗಳ ಗೂಡಿನ ಮೇಲೆ ನಿಲ್ಲುತ್ತದೆ, ಗೂಟ ಹೊಡೆಯದಿದ್ದರೂ ಬೀಳುವುದಿಲ್ಲ. ಬಂಡೆಯ ನೆಲಕ್ಕೂ ಹೆಪ್ಪುಗಟ್ಟಿದ ಮಣ್ಣಿಗೂ ಅನುಕೂಲ, ಹೊಸಬರೂ ಕತ್ತಲಲ್ಲಿ ಹೂಡಬಹುದು. ಮೊದಲ ಸಲ ಕೊಳ್ಳುವವರಿಗೆ ನನ್ನ ಸಲಹೆ ಇದೇ. ಆದರೂ ಗೂಟ ಬೇಡವೆಂದಲ್ಲ; ಬಿಡಾರದಲ್ಲಿ ಯಾರೂ ಇಲ್ಲದ ಹಗಲಿನಲ್ಲಿ ಗಾಳಿ ಬಂದರೆ ಖಾಲಿ ಟೆಂಟು ಉರುಳಿ ಹೋಗುತ್ತದೆ.

ಕೋಲಿನ ಆಸರೆಯ ಟೆಂಟು: ಟ್ರೆಕ್ಕಿಂಗ್ ಕೋಲುಗಳೇ ಇದರ ಕಂಬ, ಆದ್ದರಿಂದಲೇ ಬಲು ಹಗುರ. ನೆಲೆ ಬಿಡಾರದವರು ಇಲ್ಲಿ ಎಡವುತ್ತಾರೆ. ಹಗಲೆಲ್ಲ ಗುಡ್ಡ ಹತ್ತಲು, ಮಾಂಸ ಹೊರಲು ಕೋಲು ಬೇಕು. ಕೋಲು ತೆಗೆದರೆ ಟೆಂಟು ಮಲಗುತ್ತದೆ, ಒಳಗಿನದೆಲ್ಲ ಅದರಡಿ ಸಿಲುಕುತ್ತದೆ. ಟೆಂಟಿಗೆಂದೇ ಪ್ರತ್ಯೇಕ ಕಂಬವನ್ನು ಕೊಂಡು, ಅದರ ತೂಕವನ್ನೂ ಸೇರಿಸಿ ಹೋಲಿಸಿ. ಪ್ರತಿದಿನ ಬಿಡಾರ ಕಿತ್ತು ನಡೆಯುವವರಿಗೆ ಈ ತೊಂದರೆಯಿಲ್ಲ.

ಸುರಂಗದಾಕಾರದ ಟೆಂಟು: ಸಾಲಾಗಿ ಬಾಗಿದ ಕಂಬಿಗಳ ಮೇಲೆ ಉದ್ದಕ್ಕೆ ಚಾಚಿಕೊಂಡಿರುತ್ತದೆ. ಸ್ವೀಡನ್ನಿನ ಹಿಲ್ಲೆಬರ್ಗ್ ಕಂಪನಿ ಇಂಥವುಗಳಿಗೆ ಹೆಸರಾಗಿದೆ. ತುದಿಯನ್ನು ಗಾಳಿಗೆ ಮುಖಮಾಡಿ ಹೂಡಿದರೆ ಬಿರುಗಾಳಿಯನ್ನೂ ತಾಳುತ್ತದೆ. ಗಾಳಿ ಮಗ್ಗುಲಿಗೆ ತಿರುಗಿದರೆ ಅಷ್ಟು ತಾಳಿಕೆಯಿಲ್ಲ. ಬೆಲೆ ಹೆಚ್ಚು, ತೂಕವೂ ಹೆಚ್ಚು.

ನೆಲವಿಲ್ಲದ ಟೀಪಿ: ನಡುವೆ ಒಂದೇ ಕಂಬ, ಸುತ್ತ ಗೂಟಗಳು, ಕೆಳಗೆ ಬರಿಯ ಮಣ್ಣು. ಬೇಟೆಗಾರರಲ್ಲಿ ಇದು ಜನಪ್ರಿಯವಾಗಿರುವುದಕ್ಕೆ ಮುಖ್ಯ ಕಾರಣ, ತೆಳು ಟೈಟಾನಿಯಂ ತಗಡಿನ ಮಡಿಚುವ ಸೌದೆ ಒಲೆಯನ್ನು ಒಳಗೇ ಉರಿಸಬಹುದು. ಹೊಗೆ ಕೊಳವೆ ಹೊರಹೋಗಲು ಬಟ್ಟೆಯಲ್ಲಿ ಶಾಖ ತಡೆಯುವ ಪಟ್ಟಿ ಹೊಲಿದ ಕಂಡಿ ಇರುತ್ತದೆ. ಅದಕ್ಕೆ ಸ್ಟೋವ್ ಜಾಕ್ ಎಂದು ಹೆಸರು. ಕೆಸರು ಬೂಟಿನಲ್ಲಿ ಒಳಬರಬಹುದು, ನಿಂತು ಬಟ್ಟೆ ಬದಲಿಸಬಹುದು, ಹಿಮ ಬಿದ್ದರೆ ಒಳಗೆ ತೋಡಿ ಜಾಗ ಹಿಗ್ಗಿಸಬಹುದು. ನಾಲ್ವರದ್ದೆಂದು ಮಾರುವ ಟೀಪಿಯಲ್ಲಿ ಒಲೆ ಇಟ್ಟರೆ ಆರಾಮವಾಗಿ ಮಲಗುವುದು ಇಬ್ಬರೇ. ಮೂರೂವರೆ ಮೀಟರಿನಷ್ಟು ಅಗಲದ ಸಮತಟ್ಟು ಜಾಗ ಬೇಕಾಗುವುದರಿಂದ ಕಡಿದಾದ ಗುಡ್ಡದಲ್ಲಿ ಜಾಗ ಹುಡುಕುವುದೇ ಒಂದು ಕೆಲಸ. ನೆಲಕ್ಕೆ ಹಾಸಲು ಟೈವೆಕ್ ಎಂಬ, ನೀರು ತಡೆಯುವ ಹಗುರ ಹಾಳೆ ಬೇಕು. ಇಲಿಗಳ ಕಾಟವಂತೂ ಇದ್ದೇ ಇರುತ್ತದೆ.

ಒಲೆಯ ಬಗ್ಗೆ ಹೆಚ್ಚಿನ ನಿರೀಕ್ಷೆ ಬೇಡ. ಚಿಕ್ಕ ಒಲೆಗೆ ಗಳಿಗೆಗೊಮ್ಮೆ ಸೌದೆ ತುಂಬುತ್ತಿರಬೇಕು. ನೀವು ನಿದ್ದೆ ಹೋದ ಸ್ವಲ್ಪ ಹೊತ್ತಿಗೆ ಅದೂ ಆರಿ, ಒಳಗಿನ ಚಳಿ ಹೊರಗಿನಷ್ಟೇ ಆಗುತ್ತದೆ. ಚಳಿಗೆ ತಕ್ಕ ಸ್ಲೀಪಿಂಗ್ ಬ್ಯಾಗ್ ಇರಲೇಬೇಕು. ಒಲೆ ಬಟ್ಟೆ, ಬೂಟು ಒಣಗಿಸುವುದಕ್ಕೆ. ಕೊಳವೆಯ ಬಾಯಿಗೆ ಕಿಡಿ ತಡೆಯುವ ಜಾಲರಿ ಹಾಕಿದರೂ ಬಟ್ಟೆಯಲ್ಲಿ ಸೂಜಿಮೊನೆಯಷ್ಟು ತೂತುಗಳು ಬೀಳುತ್ತವೆ. ಬೇಸಿಗೆಯ ಕೊನೆಯಲ್ಲಿ ಅಗ್ನಿ ನಿರ್ಬಂಧ ಜಾರಿಯಲ್ಲಿದ್ದರೆ ಸೌದೆ ಒಲೆಗೂ ಅದು ಅನ್ವಯಿಸಬಹುದಾದ್ದರಿಂದ, ಹೊರಡುವ ಮೊದಲು ಆ ಪ್ರದೇಶದ ಅರಣ್ಯ ಕಚೇರಿಯನ್ನು ವಿಚಾರಿಸಿ.

ಎಚ್ಚರಿಕೆ: ಯಾವ ಒಲೆಯನ್ನೂ, ಗ್ಯಾಸಿನದ್ದಾಗಲಿ ಸೌದೆಯದ್ದಾಗಲಿ, ಗಾಳಿಕಂಡಿ ಮುಚ್ಚಿದ ಟೆಂಟಿನೊಳಗೆ ಉರಿಸಬೇಡಿ. ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ತಲೆನೋವೆಂದು ಮಲಗಿದವರು ಏಳದೆ ಹೋಗಬಹುದು. ಹಿಮ ಬೀಳುವ ರಾತ್ರಿ ಟೆಂಟಿನ ಅಂಚು ಹೂತುಹೋಗಿ ಗಾಳಿಯ ದಾರಿ ಮುಚ್ಚುತ್ತದೆ. ಒಲೆ ಒಯ್ಯುವವರು ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರಂ ಒಂದನ್ನು ಒಯ್ಯಬೇಕು. ಇದರಲ್ಲಿ ತೂಕ ಉಳಿಸಲು ಹೋಗಬೇಡಿ.

5. ಬಟ್ಟೆಯ ಗುಣ ತಿಳಿಯಿರಿ

ಬಟ್ಟೆಯ ವಿವರದಲ್ಲಿ 15ಡಿ, 20ಡಿ, 30ಡಿ ಎಂಬ ಅಂಕಿ ಕಾಣುತ್ತದೆ. ಡಿ ಎಂದರೆ ಡೀನಿಯರ್, ಅಂದರೆ 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ ಎಂಬ ಲೆಕ್ಕ. ಅಂಕಿ ಚಿಕ್ಕದಾದಷ್ಟೂ ನೂಲು ತೆಳು. ಬೇಟೆಯ ಬಿಡಾರಕ್ಕೆ ಹೊರಪದರ 20ಡಿಗಿಂತ ಕಡಿಮೆಯಿರದಿದ್ದರೆ ಒಳ್ಳೆಯದು. ನೆಲದ ಬಟ್ಟೆ ಇನ್ನೂ ದಪ್ಪವಿರಲಿ. ನೀರು ತಡೆಯುವ ಶಕ್ತಿಯನ್ನು ಹೈಡ್ರೋಸ್ಟ್ಯಾಟಿಕ್ ಹೆಡ್ ಎಂದು ಮಿಲಿಮೀಟರುಗಳಲ್ಲಿ ಹೇಳುತ್ತಾರೆ, ಬಟ್ಟೆ ಸೋರುವ ಮೊದಲು ಅದರ ಮೇಲೆ ಎಷ್ಟು ಎತ್ತರದ ನೀರು ನಿಲ್ಲಬಲ್ಲದು ಎಂದು. ಹೊರಪದರಕ್ಕೆ 1,200 ಮಿಲಿಮೀಟರ್ ಇದ್ದರೆ ಮಳೆ ತಡೆಯುತ್ತದೆ.

ಸಿಲಿಕೋನ್ ಲೇಪಿಸಿದ ನೈಲಾನ್ ಗಟ್ಟಿ, ಆದರೆ ಒದ್ದೆಯಾದರೆ ಹಿಗ್ಗುತ್ತದೆ. ಸಂಜೆ ಬಿಗಿಯಾಗಿ ಕಟ್ಟಿದ್ದು ಮಧ್ಯರಾತ್ರಿಗೆ ಜೋತುಬಿದ್ದಿರುತ್ತದೆ. ಪಾಲಿಯೆಸ್ಟರ್ ಅಷ್ಟು ಹಿಗ್ಗುವುದಿಲ್ಲ. ಡೈನೀಮಾ ಎಂಬ ಅರೆಪಾರದರ್ಶಕ ಬಟ್ಟೆ ಎಲ್ಲಕ್ಕಿಂತ ಹಗುರ, ನೀರನ್ನು ಹೀರುವುದಿಲ್ಲ. ಬೆಲೆ ಕೈ ಸುಡುತ್ತದೆ, ಮತ್ತು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಸೌದೆ ಒಲೆಯ ಜೊತೆಗೆ ಹೊಂದುವುದಿಲ್ಲ.

ಒಂದೇ ಪದರದ ಟೆಂಟು ಹಗುರವೆಂದು ಕೊಳ್ಳುವವರು ಹನಿಗಟ್ಟುವಿಕೆಗೆ ಸಿದ್ಧರಿರಬೇಕು. ಮಲಗಿದವರ ಉಸಿರಿನ ತೇವ ತಣ್ಣಗಿನ ಬಟ್ಟೆಗೆ ತಾಗಿ ನೀರಾಗುತ್ತದೆ, ಚಳಿ ಹೆಚ್ಚಿದ್ದರೆ ಮಂಜಿನ ಪುಡಿಯಾಗುತ್ತದೆ. ಟೆಂಟು ಸೋರುತ್ತಿದೆ ಎಂದು ಬರುವ ದೂರುಗಳಲ್ಲಿ ಬಹಳಷ್ಟು ಇದೇ. ಮೇಲ್ಗಡೆ ಒಂದು, ಕೆಳಗೊಂದು ಗಾಳಿಕಂಡಿ ತೆರೆದಿರುವ ವಿನ್ಯಾಸ ಆರಿಸಿ.

6. ಪೂರ್ತಿ ತೂಕವನ್ನು ತಲೆಗೆ ಹಂಚಿ

ಕಂಪನಿಗಳು ಎರಡು ತೂಕ ಕೊಡುತ್ತವೆ. "ಟ್ರೇಲ್ ತೂಕ" ಅಥವಾ "ಕನಿಷ್ಠ ತೂಕ" ಎಂಬುದರಲ್ಲಿ ಪದರಗಳು ಮತ್ತು ಕಂಬಿಗಳು ಮಾತ್ರ ಇರುತ್ತವೆ. "ಪ್ಯಾಕ್ ತೂಕ"ದಲ್ಲಿ ಗೂಟ, ಹಗ್ಗ, ಚೀಲ ಎಲ್ಲವೂ ಸೇರುತ್ತವೆ. ಎರಡು ಟೆಂಟುಗಳನ್ನು ಹೋಲಿಸುವಾಗ ಎರಡರದ್ದೂ ಪ್ಯಾಕ್ ತೂಕವನ್ನೇ ನೋಡಿ, ಮನೆಗೆ ಬಂದ ಮೇಲೆ ತಕ್ಕಡಿಯಲ್ಲಿ ತೂಗಿ.

ಇಬ್ಬರಿಗೆಂದು ಟೀಪಿ ಯೋಚಿಸುತ್ತಿದ್ದರೆ ಲೆಕ್ಕ ಹೀಗೆ ಸಾಗಬಹುದು: ಬಟ್ಟೆ ಮತ್ತು ಕಂಬ 1,500 ಗ್ರಾಂ, ಗೂಟ ಮತ್ತು ಹಗ್ಗ 300, ನೆಲದ ಹಾಳೆ 200, ಒಲೆ ಮತ್ತು ಕೊಳವೆ 1,100, ಒಟ್ಟು 3,100 ಗ್ರಾಂ, ತಲೆಗೆ 1,550. ಅದನ್ನೇ ಮೂವರು ಹಂಚಿಕೊಂಡರೆ ತಲೆಗೆ ಸುಮಾರು 1,030. ಒಲೆ ಬಿಟ್ಟರೆ ಇಬ್ಬರಿಗೂ ತಲಾ ಒಂದೇ ಕಿಲೋ. ಸಿಗುವ ಬೆಚ್ಚಗಿನ ಸಂಜೆ ತಲೆಗೆ ಅರ್ಧ ಕಿಲೋಗಿಂತ ಹೆಚ್ಚಿನ ಈ ಹೊರೆಗೆ ತಕ್ಕದ್ದೇ ಎಂಬುದನ್ನು ನಿಮ್ಮ ಬೇಟೆಯ ತಿಂಗಳು ತೀರ್ಮಾನಿಸಬೇಕು. ಸೆಪ್ಟೆಂಬರಿಗೆ ಬೇಡ, ಅಕ್ಟೋಬರ್ ಕೊನೆಗೆ ನಾನು ಒಲೆಯ ಪರ. ಒದ್ದೆ ಟೆಂಟನ್ನು ಮಡಿಚಿ ಹೊತ್ತರೆ ಇನ್ನೂ ಕೆಲವು ನೂರು ಗ್ರಾಂ ಸೇರುತ್ತದೆಂಬುದನ್ನು ನೆನಪಿಡಿ.

7. ಬಣ್ಣ

ಪ್ರಾಣಿಗಳು ಬೆದರುತ್ತವೆಂದು ಎಲೆ ಬಣ್ಣದ ಟೆಂಟು ಹುಡುಕುವವರಿದ್ದಾರೆ. ಎಲ್ಕ್ ಮತ್ತು ಜಿಂಕೆಗಳಿಗೆ ಕಿತ್ತಳೆ, ಕೆಂಪು ಬಣ್ಣಗಳು ನಮಗೆ ಕಾಣುವಂತೆ ಎದ್ದು ಕಾಣುವುದಿಲ್ಲ, ನೀಲಿಯೇ ಹೆಚ್ಚು ಕಾಣುತ್ತದೆ. ಕೊಲೊರಾಡೊದಲ್ಲಿ ರೈಫಲ್ ಬೇಟೆಗಾರರು 500 ಚದರ ಇಂಚಿನಷ್ಟು ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ತೊಡಬೇಕೆಂಬ ನಿಯಮವಿರುವುದು ಗುಂಡಿನಿಂದ ಉಳಿಯಲು. ಟೆಂಟಿಗೂ ಅದೇ ತರ್ಕ ಸಲ್ಲುತ್ತದೆ. ಕತ್ತಲಲ್ಲಿ ಮರಳುವವರಿಗೆ ಬೆಳಕು ಬಿದ್ದರೆ ಮಿನುಗುವ ಹಗ್ಗಗಳು ಉಪಯುಕ್ತ.

8. ಹೊರಡುವ ಮೊದಲು ಹೂಡಿ ನೋಡಿ

ಸಿಲಿಕೋನ್ ಬಟ್ಟೆಯ ಹೊಲಿಗೆಗಳಿಗೆ ಟೇಪು ಅಂಟುವುದಿಲ್ಲ. ಕೆಲವು ಕಂಪನಿಗಳು ಹೊಲಿಗೆ ಮುಚ್ಚದೆಯೇ ಕಳುಹಿಸುತ್ತವೆ. ಸಿಲಿಕೋನ್ ಸೀಲರನ್ನು ಹೊರಗಡೆಯಿಂದ ಬ್ರಷ್ಷಿನಲ್ಲಿ ಹಚ್ಚಿ ಒಂದು ದಿನ ಒಣಗಲು ಬಿಡಿ. ಅನಂತರ ಹಿತ್ತಿಲಲ್ಲಿ ಟೆಂಟು ಹೂಡಿ, ಪೈಪಿನಿಂದ ನೀರು ಬಿಟ್ಟು, ಒಳಗೆ ಕುಳಿತು ನೋಡಿ. ಮತ್ತೊಮ್ಮೆ ರಾತ್ರಿಯಲ್ಲಿ, ತಲೆದೀಪದ ಬೆಳಕಿನಲ್ಲಿ, ಕೈಗವಸು ತೊಟ್ಟು, ಪ್ರತಿಯೊಬ್ಬ ಜೊತೆಗಾರರೂ ಒಬ್ಬಂಟಿಯಾಗಿ ಹೂಡುವುದನ್ನು ಕಲಿಯಲಿ. ಟೆಂಟು ಹೂಡಬಲ್ಲವರೇ ಜಾಡು ಹಿಡಿದು ಹೋಗಿರುವ ಸಂಜೆ ಉಳಿದವರು ಮಳೆಯಲ್ಲಿ ನಿಲ್ಲಬಾರದು. ಟೆಂಟಿನೊಂದಿಗೆ ಬರುವ ತೆಳು ಗೂಟಗಳು ಗಟ್ಟಿ ನೆಲದಲ್ಲಿ ಬಾಗುತ್ತವೆ. ಒಂದೊಂದು ಸುಮಾರು 14 ಗ್ರಾಂ ತೂಗುವ, ಅಡ್ಡಸೀಳಿದರೆ ವೈ ಅಕ್ಷರದಂತೆ ಕಾಣುವ ಅಲ್ಯೂಮಿನಿಯಂ ಗೂಟಗಳನ್ನು ಅವುಗಳ ಬದಲಿಗೆ ತೆಗೆದುಕೊಳ್ಳಿ.

ಕಾಡಿನಲ್ಲಿ ಜಾಗ ಆರಿಸುವಾಗ ಮೊದಲು ತಲೆಯೆತ್ತಿ ನೋಡಿ. ರಾಕಿ ಪರ್ವತಗಳಲ್ಲಿ ತೊಗಟೆ ಹುಳು ತಿಂದು ಒಣಗಿದ ಪೈನ್ ಮರಗಳು ಲಕ್ಷಾಂತರ ಎಕರೆಗಳಲ್ಲಿ ನಿಂತಿವೆ. ಗಾಳಿಗೆ ಅವು ಬೀಳುವಾಗ ಯಾವ ಟೆಂಟೂ ಕಾಯುವುದಿಲ್ಲ. ತೊರೆಯಿಂದ 60 ಮೀಟರ್ ದೂರವಿರಿ. ರಾತ್ರಿ ತಣ್ಣಗಿನ ಗಾಳಿ ಕಣಿವೆಯ ತಳಕ್ಕೆ ಇಳಿದು ನಿಲ್ಲುವುದರಿಂದ, ತಳದಿಂದ ಸ್ವಲ್ಪ ಮೇಲೆ ಹೂಡಿದರೆ ಹನಿಗಟ್ಟುವುದೂ ಕಡಿಮೆಯಾಗುತ್ತದೆ. ಮಾಂಸ, ಅಡುಗೆ ಸಾಮಾನು, ನೆತ್ತರು ಹತ್ತಿದ ಬಟ್ಟೆಗಳನ್ನು ವೆಸ್ಟಿಬ್ಯೂಲಿನಲ್ಲಿ ಇಡಲೇಬೇಡಿ. ಟೆಂಟಿನಿಂದ ಕನಿಷ್ಠ 90 ಮೀಟರ್ ದೂರದಲ್ಲಿ, ನೆಲದಿಂದ 3 ಮೀಟರಿಗಿಂತ ಎತ್ತರಕ್ಕೆ, ಕಾಂಡದಿಂದ ಮೀಟರಿಗಿಂತ ಹೆಚ್ಚು ಹೊರಗೆ ತೂಗುಹಾಕಿ. ಮೊಂಟಾನ, ವಯೋಮಿಂಗ್, ಐಡಹೊಗಳಲ್ಲಿ ಕರಿಕರಡಿಯ ಜೊತೆಗೆ ಗ್ರಿಜ್ಲಿ ಕರಡಿಯೂ ಇದ್ದು, ಹಲವು ಅರಣ್ಯಗಳಲ್ಲಿ ಆಹಾರ ಸಂಗ್ರಹದ ಕಡ್ಡಾಯ ನಿಯಮಗಳಿವೆ.

ಮನೆಗೆ ಮರಳಿದ ದಿನವೇ ಟೆಂಟನ್ನು ಬಿಚ್ಚಿ, ನೆರಳಲ್ಲಿ ಹರವಿ, ಹೊಲಿಗೆಗಳು ಒಣಗುವವರೆಗೆ ಬಿಡಿ. ಪಾಲಿಯುರೆಥೇನ್ ಲೇಪನವಿರುವ ಬಟ್ಟೆಯನ್ನು ತೇವವಿದ್ದಾಗಲೇ ಮಡಿಚಿಟ್ಟರೆ ಲೇಪನ ಅಂಟಂಟಾಗಿ, ನಾತ ಹೊಡೆದು, ಪದರು ಪದರಾಗಿ ಉದುರುತ್ತದೆ. ಅದನ್ನು ಅದರ ಬಿಗಿ ಚೀಲಕ್ಕೆ ತುರುಕದೆ, ಸಡಿಲವಾದ ಹತ್ತಿಯ ಚೀಲದಲ್ಲಿಟ್ಟು, ಕಂಬಿ ಮತ್ತು ಗೂಟಗಳನ್ನು ಎಣಿಸಿ ಜೊತೆಗಿಡಿ.